ತಂಪಾನೂರಿನ ಕೋಚ್

ನನ್ನ ಕೋಚ್‌ಗೆ ಹೆಂಡತಿ ಇದ್ದಾರೆಂದು ನನಗೆ ತಿಳಿದದ್ದು ಕೋಚ್ ತೀರಿಕೊಂಡ ಮೇಲೆ. ಎರಡು ವರ್ಷ ತಿಂಗಳಿಗೊಮ್ಮೆ ಅವರೆದುರು ಕೂತಿದ್ದವನು ಹೇಳಬಾರದ ಮಾತಿದು, ಆದರೂ ನಿಜ.

ಕೋಚ್ ಎಂದರೆ ಆಟ ಕಲಿಸುವವರಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಕಂಪನಿಗೆ, ಮ್ಯಾನೇಜರುಗಳಿಗೂ ಒಬ್ಬ ಮೇಷ್ಟ್ರು ಬೇಕೆಂಬ ಯೋಚನೆ ಬಂತು. ಮೈಸೂರಿನಿಂದ ವರ್ಗವಾಗಿ ಬಂದ ನಾನು ಕೊಚ್ಚಿಯ ಅಂಬಲಮುಗಳ್‌ನಲ್ಲಿ ಕಂಪನಿಯ ರಾಸಾಯನಿಕಗಳ ಗೋದಾಮು ನೋಡಿಕೊಳ್ಳುತ್ತಿದ್ದೆ. ಈ ವಯಸ್ಸಿನಲ್ಲಿ ಟ್ಯೂಷನ್ನೇ ಎಂದು ಮುಖ ಊದಿಸಿಕೊಂಡೇ ತಿರುವನಂತಪುರದ ರೈಲು ಹತ್ತಿದೆ. ಅಪ್ಪ ಹೋಂವರ್ಕ್ ಮುಗಿಸಿದ್ದಾರಾ ಎಂದು ಮಗಳು ಮಲಯಾಳದಲ್ಲಿ ತಾಯಿಯನ್ನು ವಿಚಾರಿಸಿದಳು.

ಮಾಧವನ್ ಸಾರ್ ದೊಡ್ಡ ಕಾರ್ಖಾನೆಯೊಂದನ್ನು ನಡೆಸಿ ನಿವೃತ್ತರಾದವರು. ತಿರುವನಂತಪುರದ ತಂಪಾನೂರಿನಲ್ಲಿ, ರೈಲು ನಿಲ್ದಾಣದ ಎದುರಿನ ಲಾಡ್ಜಿನ ಊಟದ ಕೋಣೆಯಲ್ಲಿ ನಮ್ಮ ಪಾಠ. ಅವರು ಬುದ್ಧಿ ಹೇಳುತ್ತಿರಲಿಲ್ಲ. ಒಂದು ಪ್ರಶ್ನೆ ಹಾಕಿ ಸುಮ್ಮನಾಗುತ್ತಿದ್ದರು. ನನ್ನ ಉತ್ತರ ಮುಗಿದ ಮೇಲೂ ಸುಮ್ಮನೇ ಇರುತ್ತಿದ್ದರು. ಆ ಮೌನ ತಡೆಯಲಾರದೆ ನಾನು ಮತ್ತೆ ಬಾಯಿ ತೆರೆದಾಗ ನಿಜವಾದ ಉತ್ತರ ಹೊರಬೀಳುತ್ತಿತ್ತು. ಮೂರೂಮುಕ್ಕಾಲಾಯಿತೆಂದರೆ ಗಡಿಯಾರ ನೋಡಿ, ನನಗೆ ನಾಲ್ಕರ ಗಾಡಿ ತಪ್ಪಬಾರದೆಂದು ಪ್ಲಾಟ್‌ಫಾರ್ಮಿನವರೆಗೂ ಬರುತ್ತಿದ್ದರು.

ಆಗ ನಮ್ಮ ಲಾರಿಗಳು ದಿನಾ ತಡವಾಗಿ ಹೊರಡುತ್ತಿದ್ದವು. ಫೋರ್‌ಮನ್ ತಂಗಚ್ಚನ್‌ಗೆ ಮೆಮೊ ಮೇಲೆ ಮೆಮೊ ಕೊಟ್ಟಿದ್ದೆ. "ತಂಗಚ್ಚನ್ ಏನಂತಾರೆ?" ಎಂದರು ಸಾರ್. ನನಗೆ ಗೊತ್ತಿರಲಿಲ್ಲ. ಮರುದಿನ ಅವನನ್ನು ಕೂರಿಸಿ ವಿಚಾರಿಸಿದೆ, ನಾಲಗೆ ಕಚ್ಚಿಕೊಂಡು ಸುಮ್ಮನಿದ್ದೆ. ಲೋಡ್ ಮಾಡುವವರು ಗಂಜಿಗೆ ಹೋಗುವ ಹೊತ್ತಿಗೇ ನಾವು ಲಾರಿ ತರಿಸುತ್ತಿದ್ದೇವೆ, ಒಂದು ಗಂಟೆ ಮೊದಲು ತರಿಸಿದರೆ ಸಾಕು ಎಂದ. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದೆ.

"ಸಾರ್, ನೀವು ಮೆಮೊ ಕೊಟ್ಟಿರಿ, ಮೆಮೊಗೆ ಉತ್ತರ ಬರೆದೆ. ಕಾರಣ ಯಾರು ಕೇಳಿದ್ರು?"

ಲಾರಿಗಳು ಹೊತ್ತಿಗೆ ಸರಿಯಾಗಿ ಹೊರಟವು. ಕೋಚಿಂಗಿಗೆ ಹಾಕಿದ್ದು ದಂಡವಾಗಲಿಲ್ಲವೆಂದು ಹೆಡ್ ಆಫೀಸು ಹಿಗ್ಗಿತು. ನನಗೂ ಚಟ ಹತ್ತಿತು. ಗುಮಾಸ್ತರನ್ನು, ವಾಚ್‌ಮನ್‌ನನ್ನು, ಮನೆಯಲ್ಲಿ ಹೆಂಡತಿಯನ್ನು, ಹೀಗೆ ಎಲ್ಲರನ್ನೂ ವಿಚಾರಿಸಿ ಸುಮ್ಮನೆ ಕೂರುವುದನ್ನು ಕಲಿತೆ. ಹೊಸ ಮಾವುತನ ಹಾಗೆ ಸಿಕ್ಕ ಕಡೆಯೆಲ್ಲ ವಿದ್ಯೆ ತೋರಿಸಿದೆ. ಬಿಟ್ಟದ್ದು ಒಬ್ಬರನ್ನೇ. ಸಾರ್ ಎದುರಿನ ಆ ಒಂದು ಗಂಟೆ ನನ್ನದು ತಾನೆ, ಕಂಪನಿ ನನಗೆಂದೇ ಕೊಡಿಸಿದ್ದು. ಕೊನೆಯ ತಿಂಗಳುಗಳಲ್ಲಿ ಸಾರ್ ಕೆಮ್ಮುತ್ತಿದ್ದರು. ಕೆಮ್ಮು ನಿಲ್ಲುವವರೆಗೆ ಮರ್ಯಾದೆಯಿಂದ ಕಾದು, ನನ್ನ ಗೋದಾಮಿನ ಕಥೆ ಮುಂದುವರಿಸುತ್ತಿದ್ದೆ.

ಸಾವಿನ ಸುದ್ದಿ ತಿಳಿದು ಮನೆಗೆ ಹೋದಾಗ ಸಾರ್ ಅವರ ಹೆಂಡತಿ (ಅಲ್ಲಿಯ ರೂಢಿಯಂತೆ ನನಗೆ ಚೇಚಿ, ಅಂದರೆ ಅಕ್ಕ) ಚಹಾ ಕೊಟ್ಟು ಎದುರು ಕೂತರು.

"ನಿಮ್ಮನ್ನ ಗಾಡಿ ಹತ್ತಿಸಿ ಬಂದು ಹೇಳೋರು, ಆ ಕನ್ನಡದವನು ಚೆನ್ನಾಗಿ ಕಲೀತಿದ್ದಾನೆ, ಈಗ ವಾಚ್‌ಮನ್ ಮಗಳ ಜ್ವರಾನೂ ವಿಚಾರಿಸ್ತಾನಂತೆ ಅಂತ. ಮುಂದಿನ ಸಲ ನನ್ನ ಕೆಮ್ಮಿನ ಸರದಿ ಬರಬಹುದು ಅಂತ ನಗೋರು."

ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ರೈಲಿನಲ್ಲಿ ಸಮಾಧಾನದ ಮಾತುಗಳನ್ನು ಉರುಹಚ್ಚಿಕೊಂಡು ಬಂದಿದ್ದೆ. ಅವೆಲ್ಲ ಬಿಟ್ಟು, "ನೀವು ಹೇಗಿದ್ದೀರಿ, ಚೇಚಿ?" ಎಂದೆ. ಏನಿಲ್ಲ, ಚೆನ್ನಾಗಿದ್ದೇನೆ ಎಂದರು. ನಾನು ಸುಮ್ಮನಿದ್ದೆ. ಅವರು ಲೋಟ ಎತ್ತಿಟ್ಟರು, ಸೆರಗು ಸರಿಮಾಡಿಕೊಂಡರು. ಆಮೇಲೂ ಸುಮ್ಮನಿದ್ದೆ. ಆಗ ಅವರು ಹೇಳತೊಡಗಿದರು.

ಗಡಿಯಾರ ನೋಡುವವರು ಯಾರೂ ಇರಲಿಲ್ಲ. ನಾಲ್ಕರ ಗಾಡಿ ಹೋಯಿತು.