ಹಾವುಮೀನಿನ ತೊಟ್ಟಿಗೆ ನೀರು ಹಾಕಿದವರು ಯಾರು?

ದೆವ್ವ, ಗಾಳಿ, ಸೋಂಕು ಇಂಥವನ್ನು ನಾನು ಎಂದೂ ನಂಬಿದವಳಲ್ಲ. ಯಾರಾದರೂ ಅಂಥ ಕತೆ ತೆಗೆದರೆ ಎದ್ದು ಹೋಗುವುದು, ಇಲ್ಲವೇ ನಾಲ್ಕು ಜನರ ಮುಂದೆ ಅವರ ಬಾಯಿ ಮುಚ್ಚಿಸುವುದು ನನ್ನ ಸ್ವಭಾವ. ಈಗಲೂ ಅಷ್ಟೇ. ಆದರೆ ನನ್ನ ಬಾಯನ್ನೇ ಮುಚ್ಚಿಸಿದ ಸಂಗತಿ ಒಂದಿದೆ. ಮನೆಯವರನ್ನು ಬಿಟ್ಟು ಯಾರ ಮುಂದೆಯೂ ಹೇಳಿಲ್ಲ. ಓದಿ ನಗುವವರು ನಗಲಿ. ಅವರ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ನಾನು ಮಣ್ಣೂರಿಗೆ ಸೊಸೆಯಾಗಿ ಬಂದೆ. ದೇಶಕ್ಕೆ ಬಂದಿತ್ತು, ನಮಗೆ ಬಂದಿರಲಿಲ್ಲ. ಭೀಮಾನದಿಯ ಈಚೆ ದಂಡೆ ಇನ್ನೂ ನಿಜಾಮರ ಸೀಮೆ. ನಮ್ಮವರು ಒಕ್ಕಲುತನ ಮಾಡುವವರು, ಮಾತು ಬಹಳ ಕಡಿಮೆ. ಅವರಿಗೆ ಇದ್ದದ್ದು ಒಂದೇ ಹುಚ್ಚು. ದನದ ಮನೆಯ ಮೂಲೆಯಲ್ಲಿ ಒಂದೇ ಬಂಡೆ ಕಡೆದು ಮಾಡಿದ ಹಳೆಯ ಕಲ್ಲಿನ ತೊಟ್ಟಿ ಇತ್ತು. ಅದರಲ್ಲಿ ಅವರು ಒಂದು ಹಾವುಮೀನು ಸಾಕಿದ್ದರು. ನದಿ ಇಳಿದಾಗ ಮಡುವಿನಲ್ಲಿ ಸಿಕ್ಕಿದ ಮರಿಯಂತೆ. ನಾನು ಬರುವ ಹೊತ್ತಿಗೆ ಮೊಳಕ್ಕಿಂತ ಉದ್ದವಾಗಿತ್ತು, ನೋಡಿದರೆ ತೊಯ್ದ ಹಗ್ಗದ ಹಾಗೆ ಕಾಣುತ್ತಿತ್ತು.

ಅಂಥ ನಾಚಿಕೆಯ ಪ್ರಾಣಿಯನ್ನು ನಾನು ಬೇರೆ ಕಂಡಿಲ್ಲ. ಹಗಲೆಲ್ಲ ತೊಟ್ಟಿಯ ತಳದಲ್ಲಿ ಇಟ್ಟಿದ್ದ ಒಡೆದ ಗಡಿಗೆಯೊಳಗೆ ಅಡಗಿರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ನಮ್ಮವರು ಹೋಗಿ, ಬೆರಳಿನ ತಾಮ್ರದ ಉಂಗುರದಿಂದ ತೊಟ್ಟಿಯ ಅಂಚಿಗೆ ಟಕ್ ಟಕ್ ಎಂದು ಬಡಿದು, ಎರಡು ಬೆರಳನ್ನು ನೀರಿಗೆ ಇಳಿಬಿಟ್ಟು ಕೂರುತ್ತಿದ್ದರು. ಆಗ ಅದು ಮೆಲ್ಲಗೆ ಹೊರಬಂದು, ಬೆರಳಿಗೆ ಸುತ್ತಿಕೊಂಡು, ಅವರು ಕೊಟ್ಟ ಎರೆಹುಳು ತಿನ್ನುತ್ತಿತ್ತು. ನಾನು ಬಡಿದರೆ ಬಾಲದ ತುದಿಯನ್ನೂ ತೋರಿಸುತ್ತಿರಲಿಲ್ಲ. ಒಮ್ಮೆ ಅವರು ಎತ್ತು ಕೊಳ್ಳಲು ಜೇವರ್ಗಿಗೆ ಹೋಗಿ ಒಂದು ವಾರ ಬಿಟ್ಟು ಬಂದರು. ಆಮೇಲೆ ಅರ್ಧ ತಿಂಗಳು ಅದು ಅವರಿಗೂ ಮುಖ ತೋರಿಸಲಿಲ್ಲ. ಅವರು ದಿನಾ ಸಂಜೆ ಬಡಿದು ಬಡಿದು ಸಪ್ಪೆ ಮುಖ ಮಾಡಿಕೊಂಡು ಬರುವರು. ಓಣಿಯ ಹೆಂಗಸರು ನನ್ನನ್ನು ಕಾಡಿಸಿದ್ದೇ ಕಾಡಿಸಿದ್ದು: ನಿನ್ನ ಸವತಿ ಸಿಟ್ಟಾಗಿದ್ದಾಳಂತಲ್ಲ ಎಂದು. ನಾನೂ ಹಾಗೆಯೇ ಕರೆಯುತ್ತಿದ್ದೆ. ನಿಜ ಹೇಳಬೇಕೆಂದರೆ, ನಗುತ್ತಿದ್ದರೂ ಹೊಟ್ಟೆಯೊಳಗೆ ಸ್ವಲ್ಪ ಉರಿಯುತ್ತಿತ್ತು.

ಅದಕ್ಕೆ ಮುಚ್ಚಳ ಹಾಕದಿದ್ದರೆ ಮಳೆಯ ಥಂಡಿಗೆ ಹೊರಗೆ ಹರಿದು ಬರುತ್ತಿತ್ತು. ಹಾಗೆ ಬಂದದ್ದನ್ನು ಹಾವೆಂದು ತಿಳಿದು ಅತ್ತೆ ಕೊಲ್ಲಲು ಹೋಗಿದ್ದರು. ಅಂದಿನಿಂದ ತೊಟ್ಟಿಯ ಮೇಲೆ ಹಲಗೆ, ಹಲಗೆಯ ಮೇಲೆ ರುಬ್ಬುವ ಗುಂಡು ಇಡುವುದು ನನ್ನ ಪಾಲಿನ ಕೆಲಸ.

ಮರುವರ್ಷದ ಬೇಸಿಗೆಯಲ್ಲಿ ನಮ್ಮವರು ಚೊಚ್ಚಲ ಬಾಣಂತನಕ್ಕೆ ತಂಗಿಯನ್ನು ಕರೆತರಲು ಆಳಂದಕ್ಕೆ ಗಾಡಿ ಕಟ್ಟಿದರು. ತಂಗಿಯ ಹೆಸರು ಗುರುಬಾಯಿ, ನನ್ನ ನಾದಿನಿ. ಹೊರಡುವಾಗ ಹೆಂಡತಿಗೆ ಹೇಳಿದ ಮಾತು ನೋಡಿ:

"ನಾ ಬರೂತನಾ ತೊಟ್ಟಿ ನೀರು ಕಡಿಮಿ ಆಗ್ಲಿಕ್ಕೆ ಬಿಡಬ್ಯಾಡ. ಅದು ಭಾಳ ಅಂಜುಬುರುಕ ಅದ."

"ನಾನೂ ಒಬ್ಬಾಕಿ ಅದೀನ್ರಿ ಮನ್ಯಾಗ," ಎಂದೆ. ಅವರು ನಕ್ಕು ಗಾಡಿ ಹೊಡೆದರು.

ಅವರು ಹೋದ ಮೇಲೆ ಸೀಮೆಯಲ್ಲಿ ನಿಜಾಮರ ಕಡೆಯವರ ಗಲಾಟೆ ಬಲಿಯಿತು. ದಾರಿಗಳು ಬಂದಾದವು. ಅವರು ಹೋಗಿದ್ದ ಅಫಜಲಪುರದ ಹಾದಿಯಲ್ಲಿ ಯಾರದೋ ಗಾಡಿ ಸುಟ್ಟರು ಎಂಬ ಸುದ್ದಿ ಬಂತು. ಯಾರ ಗಾಡಿ ಎಂದು ಹೇಳುವವರಿಲ್ಲ. ಊರಿನ ಮುಕ್ಕಾಲು ಪಾಲು ಜನ ನದಿ ದಾಟಿ ಆಚೆ ದಂಡೆಯ ನೆಂಟರ ಊರುಗಳಿಗೆ ಹೊರಟರು. ನಾನೂ ಅತ್ತೆಯೂ ಹೊರಟೆವು. ಹೊರಡುವ ಮುಂಚೆ ಒಂದು ಕೊಡ ನೀರನ್ನು ತೊಟ್ಟಿಗೆ ಸುರಿದು, ಹಲಗೆ ಮುಚ್ಚಿ, ಗುಂಡು ಇಟ್ಟೆ. ಬಾವಿಯ ಹಗ್ಗವನ್ನು ಗಂಟು ಕಟ್ಟಲು ಬಿಚ್ಚಿಕೊಂಡೆವು. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ಮುಂದಿನ ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ಅತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಆಚೆ ದಂಡೆಯಲ್ಲಿ ಮಳೆಗಾಲವೆಲ್ಲ ಕಳೆಯಿತು. ನಮ್ಮವರ ಸುದ್ದಿಯೇ ಇಲ್ಲ. ಬರಬರುತ್ತ ಹೆಂಗಸರು ನನ್ನ ಮುಖ ಬಿಟ್ಟು ಕೈಬಳೆ ನೋಡಿ ಮಾತಾಡತೊಡಗಿದರು. ಮುದುಕಿಯೊಬ್ಬಳು ಏನೋ ಸೂಚಿಸಲು ಬಂದಾಗ ಅತ್ತೆ ಎದ್ದು ನಿಂತರು. "ನನ್ನ ಮಗನ ಸುದ್ದಿ ನನ್ನ ಕಿವಿಗಿ ಬೀಳೂತನಾ ಆಕಿ ಕೈಬಳಿ ತಂಟೆಕ್ಕ ಯಾರೂ ಬರಬ್ಯಾಡ್ರಿ," ಎಂದರು. ಆ ರಾತ್ರಿ ನಾನು ಅತ್ತೆಯ ಕಾಲ ಬುಡದಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ.

ದೇಶದ ದಂಡು ಬಂದು ಗಲಾಟೆ ಅಡಗಿದ ಮೇಲೆ ಊರಿಗೆ ಮರಳಿದೆವು. ಬೀಗ ಹಾಕಿದಂತೆಯೇ ಇತ್ತು. ಒಳಗೆ ಜೇಡರ ಬಲೆ, ಇಲಿಯ ಹಿಕ್ಕೆ. ಹಿತ್ತಲ ಅಗುಳಿ ಸರಿದಿರಲಿಲ್ಲ. ತೊಟ್ಟಿ ಒಣಗಿರುತ್ತದೆ, ಮೀನು ಸತ್ತು ನಾರುತ್ತಿರುತ್ತದೆ ಎಂದು ಮೂಗು ಮುಚ್ಚಿಕೊಂಡೇ ಗುಂಡು ಇಳಿಸಿದೆ. ಹಲಗೆಯ ಮೇಲೆ ಧೂಳು ದಪ್ಪಗೆ ಕೂತಿತ್ತು.

ಹಲಗೆ ಸರಿಸಿದರೆ, ತೊಟ್ಟಿ ಅಂಚಿನತನಕ ತುಂಬಿದೆ. ಈಗ ಸೇದಿ ತಂದ ಬಾವಿನೀರಿನಷ್ಟು ತಿಳಿ, ತಳದ ಗಡಿಗೆ ಕಾಣುತ್ತಿತ್ತು. ಗಡಿಗೆಯ ಬಾಯಲ್ಲಿ ಆ ಸಣ್ಣ ಮೂತಿ. ನನ್ನ ನೆರಳು ಬಿದ್ದದ್ದೇ ತಡ, ಒಳಗೆ ಸರಿಯಿತು.

ಮಾಳಿಗೆ ಸೋರಿರಬೇಕು ಎಂದು ಮೊದಲು ಮೇಲೆ ನೋಡಿದೆ. ತೊಲೆಗಳು ಒಣಗಿ ಬೆಳ್ಳಗಿದ್ದವು. ಸೋರಿದರೂ ಮಣ್ಣಿನ ಮಾಳಿಗೆಯ ನೀರು ತಿಳಿಯಾಗಿರುವುದಿಲ್ಲ. ಆಮೇಲೆ ಒಮ್ಮೆಲೇ ನಮ್ಮವರೇ ಬಂದಿರಬೇಕು ಎನಿಸಿತು. "ಬಂದಾರ್ರಿ ಅತ್ತಿ, ಇಲ್ಲೇ ಎಲ್ಲೆರೆ ಅದಾರ," ಎಂದು ಓಡಿದೆ. ಊರು ಬಿಡದೆ ಉಳಿದಿದ್ದ ಕುಂಬಾರ ಭೀಮಶಾ ನಮ್ಮ ಎದುರು ಮನೆಯವನು. ನಿಮ್ಮ ಬಾಗಿಲ ಹತ್ತಿರ ನರಪಿಳ್ಳೆಯೂ ಸುಳಿದಿಲ್ಲ ಎಂದು ಆಣೆ ಮಾಡಿ ಹೇಳಿದ. ಹೌದಲ್ಲ, ಕೀಲಿ ಅತ್ತೆಯ ಸೊಂಟದಲ್ಲಿ, ಹಗ್ಗ ನಮ್ಮ ಗಂಟಿನಲ್ಲಿ. ಒಳಗೆ ಬರುವುದು ಹೇಗೆ, ನೀರು ಸೇದುವುದು ಹೇಗೆ?

ಆಗ ನನ್ನ ತಲೆಗೆ ಬಂದ ಯೋಚನೆಯನ್ನು ಅತ್ತೆಗೂ ಹೇಳಲಿಲ್ಲ. ಸತ್ತವರು ತಮಗೆ ಪ್ರೀತಿಯಾದದ್ದನ್ನು ನೋಡಲು ಬರುತ್ತಾರೆ ಎನ್ನುತ್ತಾರಲ್ಲ, ಅವರಿಗೆ ಬಾಗಿಲ ಹಂಗಿಲ್ಲ ಎನ್ನುತ್ತಾರಲ್ಲ, ಅದು. ನಂಬದವಳಾದ ನಾನು ಅಂದು ಬಳೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತೆ. ಆದರೂ ದಿನಾ ಸಂಜೆ ಹೋಗಿ ಅಂಚಿಗೆ ಬಳೆಯಿಂದ ಬಡಿದೆ, ಬೆರಳಿಟ್ಟೆ, ಎಂದೂ ಮುಟ್ಟದ ಎರೆಹುಳುವನ್ನೂ ಹಿಡಿದು ಕೂತೆ. ಅದು ಬರಲಿಲ್ಲ.

ದೀಪಾವಳಿ ಹತ್ತಿರ ಬಂದಾಗ ಒಂದು ಸಂಜೆ ಗಾಡಿ ಬಂದು ನಿಂತಿತು. ಗುರುಬಾಯಿ ಕೂಸನ್ನು ಎತ್ತಿಕೊಂಡು ಇಳಿದಳು. ಅವಳ ಹಿಂದೆ ಕೋಲು ಹಿಡಿದು ಇಳಿದವರು ನಮ್ಮವರು, ಮೂಳೆ ಚಕ್ಕಳ. ಆಳಂದ ಮುಟ್ಟಿದ ಮೇಲೆ ವಿಷಮಜ್ವರ ಹಿಡಿದು ಮಳೆಗಾಲವೆಲ್ಲ ಹಾಸಿಗೆಯಲ್ಲಿದ್ದರಂತೆ. ಮಗ್ಗುಲು ಹೊರಳಲೂ ಇನ್ನೊಬ್ಬರು ಬೇಕಿತ್ತಂತೆ. ಹೇಳಿ ಕಳಿಸಿದ ಮಾತು ಯಾವುದೂ ನಮಗೆ ಮುಟ್ಟಿರಲಿಲ್ಲ. ಅತ್ತೆ ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅಳತೊಡಗಿದರು. ನಾನು ಒಳಗೆ ಓಡಿ ನೀರು ತಂದುಕೊಟ್ಟೆ.

ಅವರು ಒಂದು ಲೋಟ ನೀರು ಕುಡಿದು ಸೀದಾ ದನದ ಮನೆಗೆ ನಡೆದರು. ನಾನು ಹಿಂದೆ ಹೋದೆ. ಉಂಗುರ ಬೆರಳಿಗೆ ಸಡಿಲಾಗಿತ್ತು, ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಡಿದರು. ಒಂದು ವಾರ ಬಿಟ್ಟದ್ದಕ್ಕೆ ಅರ್ಧ ತಿಂಗಳು ಮುನಿದಿದ್ದ ಮೀನು, ಮೊದಲ ಸದ್ದಿಗೇ ಹೊರಬಂತು. ಹೆದರಲಿಲ್ಲ, ತಡೆಯಲಿಲ್ಲ. ಬೆರಳಿಗೆ ಸುತ್ತಿಕೊಂಡು ಬಾಯಿ ತೆರೆಯಿತು.

"ಚಲೋ ನೋಡ್ಕೊಂಡಿ ನೀ," ಎಂದರು ನನಗೆ. "ನಿನ್ನೆ ಸಂಜಿ ಬಿಟ್ಟು ಹೋದಾಂಗ ಅದ."

ನಾನು ಆ ಮಳೆಗಾಲ ನದಿಯ ಆಚೆ ಇದ್ದೆ ಎಂಬುದು ಅವರಿಗೆ ಇನ್ನೂ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗುರುಬಾಯಿ ಮೀನನ್ನು ನೋಡುತ್ತಿರಲಿಲ್ಲ, ಅಣ್ಣನ ಬೆರಳುಗಳನ್ನು ನೋಡುತ್ತಿದ್ದಳು.

"ವೈನಿ," ಎಂದಳು ಸಣ್ಣಗೆ, "ಜ್ವರದಾಗ ಇವನ ಮೈಯೆಲ್ಲ ಒಣಗಿ ಸುಡ್ತಿತ್ತು. ದೀಪ ಹಚ್ಚೂ ಹೊತ್ತಿಗಿ ಅವೆರಡು ಬೊಟ್ಟು ಅಷ್ಟ ತೊಯ್ದು ತಣ್ಣಗ ಆಗ್ತಿದ್ವು. ದಿನಾ ನಾನಽ ಸೆರಗಿಲೆ ಒರಸ್ತಿದ್ದೆ."

ಸತ್ತವರ ಕೆಲಸ ಎಂದಾದರೂ ಒಪ್ಪಿಕೊಂಡು ಸುಮ್ಮನಾಗಬಹುದಿತ್ತು. ಬದುಕಿದ್ದ ಮನುಷ್ಯ ಆಳಂದದ ಹಾಸಿಗೆಯಲ್ಲೂ ಮಣ್ಣೂರಿನ ತೊಟ್ಟಿಯ ಬಳಿಯಲ್ಲೂ ಇರುವುದು ಹೇಗೆ? ಆಮೇಲೆ ಅವರನ್ನು ಎಷ್ಟೋ ಸಲ ಕೇಳಿದೆ. ಜ್ವರದಲ್ಲಿ ಏನೂ ನೆನಪಿಲ್ಲ ಎಂದರು, ಅವರು ಸುಳ್ಳು ಹೇಳುವವರಲ್ಲ. ಅವರೂ ಹೋದರು, ಮೀನೂ ಹೋಯಿತು. ನಾನು ಎಲ್ಲ ಕಡೆಯಿಂದ ಯೋಚಿಸಿ ನೋಡಿದ್ದೇನೆ, ಇವತ್ತಿಗೂ ಎಳೆ ಸಿಕ್ಕಿಲ್ಲ. ಅವರು ಮರಳಿ ಬಂದ ಆ ಸಂಜೆ ಮಾತ್ರ ನಾನು ಹಲಗೆ ಮುಚ್ಚಲು ಬಾಗಿದವಳು, ಯಾರಿಗೂ ಕಾಣದಂತೆ ಆ ತೊಟ್ಟಿಯ ಅಂಚಿಗೆ ಹಣೆ ಮುಟ್ಟಿಸಿದೆ. ಮೀನನ್ನು ಮತ್ತೆಂದೂ ಸವತಿ ಎಂದು ಕರೆಯಲಿಲ್ಲ.