ಬಾಣಲೆಯಮ್ಮನ ಮೂಗುದಾರ

ಕಾರ್ಖಾನೆಯ ಕೆಲಸಗಾರರೇ ಅವಳಿಗೆ ಬಾಣಲೆಯಮ್ಮ ಎಂದು ಹೆಸರಿಟ್ಟವರು. ಸೌದೆ ಒಲೆಯ ಕಾಲದಿಂದ ಅವರ ಕ್ಯಾಂಟೀನಿಗೆ ಮನೆಯಲ್ಲೇ ಬೇಯಿಸಿ ಡಬ್ಬಿಗಳಲ್ಲಿ ಹೊರಿಸಿ ಕಳಿಸಿದವಳು. ಆ ಸೌದೆಯ ಹೊಗೆಯೇ ಶ್ವಾಸಕೋಶವನ್ನು ತಿಂದಿದೆ ಎಂದು ಡಾಕ್ಟರು ಹೇಳಿದಾಗ ಅವರ ಮೇಲೇ ಹರಿಹಾಯ್ದಳು: "ಊದಿ ಊದಿ ಒಲೆ ಉರಿಸಿದವಳು ನಾನು. ಈಗ ನನಗೇ ಉಸಿರಿಲ್ಲ ಅಂತೀರಾ?"

ಆಸ್ಪತ್ರೆಯಲ್ಲಿ ಬಾಯಿ ಮೂಗು ಮುಚ್ಚುವ ಮಾಸ್ಕು ಹಾಕಿದ್ದರು. ಅದರೊಳಗಿಂದ ಬೈದರೆ ಯಾರಿಗೂ ಕೇಳಿಸದು. ಕಿತ್ತು ಬೈಯುವಳು, ಬೈದು ಏದುಸಿರು ಬಿಡುವಳು, ನರ್ಸು ಮತ್ತೆ ಹಾಕುವಳು. ಮನೆಗೆ ಕಳಿಸುವಾಗ ಮೂಗಿನ ಹೊಳ್ಳೆಗೆ ಸಿಕ್ಕಿಸುವ ಸಣ್ಣ ನಳಿಕೆ ಬಂತು. ಅದಕ್ಕೊಂದು ಉದ್ದನೆಯ ಪೈಪು, ಪೈಪಿನ ಇನ್ನೊಂದು ತುದಿಗೆ ಗಾಳಿಯಿಂದಲೇ ಆಮ್ಲಜನಕ ಸೋಸಿ ಕೊಡುವ ಮೊಣಕಾಲೆತ್ತರದ ಯಂತ್ರ. ಕರೆಂಟು ಹೋದಾಗ ಬೇಕೆಂದು ಒಂದು ಪುಟ್ಟ ಸಿಲಿಂಡರು.

"ಎತ್ತಿಗೆ ಹಾಕೋ ಮೂಗುದಾರ ಇದು," ಎಂದಳು.

"ಎತ್ತು ಇಷ್ಟು ಮಾತಾಡಲ್ಲಮ್ಮ," ಎಂದ ಮಗ, ಬಸ್ ಕಂಡಕ್ಟರು.

ಆಮ್ಲಜನಕ ಇರುವಲ್ಲಿ ಬೆಂಕಿ ಕೂಡದು. ಅದಕ್ಕೇ ಮಗ ಯಂತ್ರವನ್ನು ಓಣಿಯಂಥ ಇಕ್ಕಟ್ಟು ಜಾಗದಲ್ಲಿಟ್ಟು, ಪೈಪು ಅಡುಗೆಮನೆಗಿಂತ ಬಹಳ ಈಚೆಗೇ ಮುಗಿಯುವಂತೆ ಕಟ್ಟಿದ. ಅಲ್ಲೊಂದು ಸ್ಟೂಲು. ಕೂತರೆ ಒಲೆ ಕಾಣುತ್ತಿತ್ತು, ಅಷ್ಟೇ.

ಈಗ ಒಲೆಯ ಮುಂದೆ ನಿಂತವಳು ಸೊಸೆ. ಕ್ಯಾಂಟೀನು ನೋಡಿಕೊಳ್ಳುವ ಮೇಸ್ತ್ರಿ ಬಂದು ಸಂಕೋಚದಿಂದಲೇ ಹೇಳಿಹೋಗಿದ್ದ: "ಡಬ್ಬಿಗಳು ಅರ್ಧಕ್ಕರ್ಧ ವಾಪಸ್ ಬರ್ತಿವೆ ಅಮ್ಮ. ಈ ತಿಂಗಳು ನೋಡ್ತೀವಿ. ಹಳೇ ರುಚಿ ಬರದಿದ್ರೆ ಬೇರೆಯವರಿಗೆ ಕೊಡಬೇಕಾಗುತ್ತೆ."

ರುಚಿಯ ಗುಟ್ಟೆಲ್ಲ ಈರುಳ್ಳಿ ಹುರಿಯುವುದರಲ್ಲಿತ್ತು. ಯಾವಾಗ ಇಳಿಸಬೇಕೆಂದು ಬಾಣಲೆಯಮ್ಮ ಯಾರಿಗೂ ಹೇಳಿಕೊಟ್ಟವಳಲ್ಲ, ಹೇಳಲು ಅವಳಿಗೂ ಗೊತ್ತಿರಲಿಲ್ಲ. ಒಲೆಯ ಹತ್ತಿರ ನಿಂತರೆ ತಿಳಿಯುತ್ತಿತ್ತು. ಎಲ್ಲ ತನ್ನ ಮೂಗಿನ ವಿದ್ಯೆ ಎಂದು ಜಂಬ.

"ಅತ್ತೆ, ಇಷ್ಟು ಸಾಕಾ?"

ಬಾಣಲೆಯಮ್ಮ ಮೂಗು ಅರಳಿಸಿದಳು. ನಳಿಕೆಯ ಒಣ ಗಾಳಿ ಸುಯ್ ಎಂದು ನುಗ್ಗುತ್ತಿತ್ತು. ವಾಸನೆಯ ಸುಳಿವೇ ಇಲ್ಲ. ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. "ಇನ್ನೂ ಸ್ವಲ್ಪ," ಎಂದಳು. ಸೀದುಹೋಯಿತು.

"ನೀವೇ ಅಂದ್ರಲ್ಲ!"

"ಉರಿ ಜೋರಿಟ್ಟವಳು ನಾನಾ?"

ಮರುದಿನ ನಳಿಕೆ ಕಿತ್ತು ಈರುಳ್ಳಿಯ ವಾಸನೆ ಹಿಡಿಯಲು ನೋಡಿದಳು. ತುಸು ಹೊತ್ತಿಗೇ ತುಟಿ ನೀಲಿಗಟ್ಟಿತು. ಮಗ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಕಚ್ಚಿಸಿ, ಅದರಲ್ಲಿ ಬಂದ ಸಂಖ್ಯೆ ನೋಡಿ ತಲೆ ಚಚ್ಚಿಕೊಂಡ. "ಈರುಳ್ಳಿಗೋಸ್ಕರ ಪ್ರಾಣ ಬಿಡ್ತೀಯಾ?"

"ಯಾವುದಕ್ಕೋ ಒಂದಕ್ಕೆ ಬಿಡಬೇಕಲ್ಲ," ಎಂದಳು, ಎರಡು ಉಸಿರಿಗೆ ಒಂದು ಮಾತಿನಂತೆ.

ದಿನವೂ ಇದೇ ಹಾಡು. ಅವಳ ಕೂಗು ಒಲೆ ಮುಟ್ಟುವಷ್ಟರಲ್ಲಿ ದಮ್ಮು ಮುಗಿಯುವುದು. ಯಂತ್ರ ಪಕ್ಕದಲ್ಲೇ ಗುರ್ರ್ ಪುಸ್, ಗುರ್ರ್ ಪುಸ್ ಎಂದು ಅಣಕಿಸುವುದು. ಡಬ್ಬಿಗಳು ಭಾರವಾಗಿಯೇ ಮರಳುವುವು. ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ತೊಳೆಯುವಳು.

ಒಂದು ಬೆಳಿಗ್ಗೆ ಬಾಣಲೆಗೆ ಈರುಳ್ಳಿ ಬೀಳುವಾಗಲೇ ಕರೆಂಟು ಹೋಯಿತು. ಯಂತ್ರ ಕೀ ಎಂದು ಕೂಗಿಕೊಂಡಿತು. ಮಗ ಓಡಿಬಂದು ಅದರ ಬಾಯಿ ಮುಚ್ಚಿಸಿ, ಪೈಪನ್ನು ಸಿಲಿಂಡರಿಗೆ ಸಿಕ್ಕಿಸಿದ. ಯಂತ್ರದ ಗುರ್ರ್ ನಿಂತು ಮನೆ ತಣ್ಣಗಾಯಿತು. ಆಗ ಕೇಳಿಸಿತು: ಚೊರ್ರ್ ಎನ್ನುತ್ತಿದ್ದ ಎಣ್ಣೆ ಮೆತ್ತಗಾಗಿ, ಪಿಸುಮಾತಿಗಿಳಿದು, ಸಣ್ಣಗೆ ಚಿಟಿಗುಟ್ಟಿತು.

"ಇಳಿಸು!"

ಸೊಸೆ ಇಳಿಸಿದಳು. ಬಣ್ಣ ಹಳೆಯದೇ. ಮೂಗಿನದೆಂದು ಜಂಬಪಟ್ಟಿದ್ದ ವಿದ್ಯೆ ಇಷ್ಟು ವರ್ಷ ಕಿವಿಯಲ್ಲೂ ಕೂತಿತ್ತು! ಅಂದು ಡಬ್ಬಿಗಳು ಹಗುರವಾಗಿ ಬಂದವು.

"ಈ ದರಿದ್ರದ್ದನ್ನ ಹಿಂದಿನ ಕೋಣೆಗೆ ಹಾಕು," ಎಂದು ಯಂತ್ರದತ್ತ ಕೈ ಮಾಡಿದಳು.

"ಅಲ್ಲಿಟ್ರೆ ಪೈಪು ಇಲ್ಲಿಗೆ ಬರಲ್ಲ. ನೀನು ನಡುಮನೆಯಲ್ಲೇ ಕೂರಬೇಕು. ಒಲೆ ಕಾಣಲ್ಲಮ್ಮ."

ಬಾಣಲೆಯಮ್ಮ ಒಲೆಯನ್ನು ಒಂದು ಗಳಿಗೆ ನೋಡಿದಳು. "ಕೂರ್ತೀನಿ. ಹಾಕು."

ಆಮೇಲೆ ಗೋಡೆಯಾಚೆ ಕೂತು, ಕಣ್ಣು ಮುಚ್ಚಿ, ಇಳಿಸು ಎನ್ನುವಳು. ಗೋಡೆಯ ಮೇಲೆ ಸಿಟ್ಟು, ಪೈಪಿನ ಮೇಲೆ ಸಿಟ್ಟು, ನಡುವೆ ಕೆಮ್ಮಿದ ಮಗನ ಮೇಲೂ ಸಿಟ್ಟು. ತಿಂಗಳ ಕೊನೆಗೆ ಮೇಸ್ತ್ರಿ ಬಂದು, ಊಟ ಇಲ್ಲಿಂದಲೇ ಮುಂದುವರಿಯಲಿ ಎಂದು ಹೇಳಿಹೋದ.

ಮಾರನೆಯ ದಿನ ಅವಳು ಇಳಿಸು ಎನ್ನಲು ಬಾಯಿ ತೆರೆದಳು. ಅಷ್ಟರಲ್ಲೇ ಬಾಣಲೆ ಕಟ್ಟೆಯ ಮೇಲೆ ಕೂತ ಸದ್ದು.

"ನಾನು ಹೇಳೋಕೆ ಮುಂಚೆ ಯಾಕೇ ಇಳಿಸಿದೆ?"

"ಆಗಿತ್ತಲ್ಲ ಅತ್ತೆ. ಕೇಳಿಸ್ತು."

"ಆಗಿದ್ರೆ ಏನಾಯ್ತು? ನಂಗೆ ಹೇಳೋಕಾದ್ರೂ ಬಿಡು! ಮೂಗು ಹೋಯ್ತು, ಒಲೆ ಹೋಯ್ತು, ಇನ್ನು ಬಾಯಿನೂ ಬೇಡ್ವಾ?"

ಸೊಸೆ ಎರಡನೆಯ ಸಲದ ಈರುಳ್ಳಿಯನ್ನು ಎಣ್ಣೆಗೆ ಸುರಿದಳು. ಚೊರ್ರ್ ಎಂದದ್ದೇ ಗೋಡೆಯಾಚೆಯ ಗೊಣಗು ಥಟ್ಟನೆ ನಿಂತಿತು.