ಟವೆಲ್ಲಿನ ಕೆಳಗೆ ಎರಡು ಬೆರಳು

ಎರಡು ಬೆರಳು ಒತ್ತಿದ್ದಕ್ಕೆ ನಾನು ತೆತ್ತದ್ದು ಹತ್ತೊಂಬತ್ತು ದಿನದ ರಜೆ, ಅದೂ ಸಂಬಳವಿಲ್ಲದ್ದು. ರಾಯಚೂರಿನ ನಮ್ಮ ಕಚೇರಿಗೆ ಬೆನ್ನುನೋವು ಎಂದು ಬರೆದುಕೊಟ್ಟೆ. ನಿಜವಾದ ಕಾರಣ ಆಗ ನನಗೂ ಹೇಳಲು ಬರುತ್ತಿರಲಿಲ್ಲ. ಈಗಲೂ ಪೂರ್ತಿ ಬರುವುದಿಲ್ಲ.

ಬಾಲ್ಯವಿವಾಹ ತಡೆಯುವ ಸಂಸ್ಥೆಗೆ ಸೇರುವ ಮೊದಲು ನಾನು ದನದ ಸಂತೆಯಲ್ಲಿ ದಲ್ಲಾಳಿ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ ಹೊದಿಸಿ, ಬೆರಳು ಒತ್ತಿ ತಿಳಿಸುತ್ತಾರೆ. ಸುತ್ತ ನಿಂತವರಿಗೆ ಗೊತ್ತಾಗಬಾರದು. ಆ ಕಸುಬೇ ಹೊಸ ಕೆಲಸದಲ್ಲೂ ಅನ್ನ ಕೊಟ್ಟಿತು. ಜನರನ್ನು ಒಪ್ಪಿಸುವುದು ನನಗೆ ಕಷ್ಟವಾಗಲಿಲ್ಲ.

ದೇವದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ಹತ್ತನೇ ತರಗತಿಯ ಹುಡುಗಿಗೆ ಮದುವೆ ಗೊತ್ತಾಗಿತ್ತು. ಅವಳಪ್ಪ ನನಗೆ ಸಂತೆಯ ಕಾಲದಿಂದ ಪರಿಚಯ. ಕಾನೂನು, ಜೈಲು ಎಲ್ಲ ಹೇಳಿದೆ. ನಕ್ಕುಬಿಟ್ಟ.

"ಏನ್ ಸಾಹೇಬ್ರ, ಸಂತಿ ಬಿಟ್ಟ ಮ್ಯಾಲ ಬೆರಳು ಮೆತ್ತಗಾದ್ವೇನು? ಬರ್ರಿ, ಇಲ್ಲೇ ಮುಗಸೂಣು" ಎಂದು ಹೆಗಲ ಮೇಲಿನ ಟವೆಲ್ ತೆಗೆದ.

ಕೈ ಒಡ್ಡಿದೆ. ನಾನು ನಾಲ್ಕು ಒತ್ತಿದೆ, ಅವನು ಒಂದು. ಕೊನೆಗೆ ಎರಡಕ್ಕೆ ನಿಂತಿತು: ಮದುವೆ ಎರಡು ವರ್ಷ ಮುಂದಕ್ಕೆ, ಹುಡುಗಿಗೆ ಹದಿನೆಂಟು ತುಂಬುವ ತನಕ. ಟವೆಲ್ ಸರಿಸಿ ತಲೆ ಎತ್ತಿದರೆ ಬಾಗಿಲಲ್ಲಿ ಅವಳೇ ನಿಂತಿದ್ದಾಳೆ.

"ಹಲ್ಲು ಎಣಸೂದು ಮರತ್ರಿ ನೋಡ್ರಿ ಸರ" ಎಂದಳು.

ದನದ ವಯಸ್ಸು ತಿಳಿಯಲು ನಾವು ಎಣಿಸುವುದು ಹಲ್ಲನ್ನೇ.

ಮರುದಿನದಿಂದ ಅವಳು ಶಾಲೆಗೆ ಹೋಗಲಿಲ್ಲ. ವ್ಯಾಪಾರ ಮುಗಿದ ದನಕ್ಕೆ ಪಾಠ ಯಾಕೆ ಎಂದಳಂತೆ. ಪರೀಕ್ಷೆಗೆ ಒಂದೂವರೆ ತಿಂಗಳಿತ್ತು. ಇತ್ತ ಕಚೇರಿಯಲ್ಲಿ, ಮದುವೆ ನಿಂತಿತೆಂದು ನನಗೆ ಚಪ್ಪಾಳೆ. ನನಗೋ ಊಟ ಸೇರದು. ಬಸ್ಸು ಹತ್ತಿದ ಮೇಲೆ ಯಾವ ಊರಿಗೆ ಟಿಕೆಟ್ ಕೇಳಬೇಕೆಂದು ಮರೆಯುತ್ತಿತ್ತು. ವ್ಯಾಪಾರ ಗೆದ್ದೆನೋ ಸೋತೆನೋ ಎಂದು ತಿಳಿಯದೆ ಹೋದದ್ದು ಅದೇ ಮೊದಲು.

ಮಾನ್ವಿಯಲ್ಲಿ ನಮ್ಮದೇ ಕೆಲಸ ಮಾಡುವ ಹಿರಿಯ ಹೆಂಗಸೊಬ್ಬರಿದ್ದರು. ನಾವೆಲ್ಲ ಅಕ್ಕ ಎಂಬಂತೆ ಆಪಾ ಎನ್ನುತ್ತಿದ್ದೆವು. ರಜೆಯ ಹದಿನೆಂಟನೇ ದಿನ ಅವರ ಮನೆಗೆ ಹೋಗಿ ಎಲ್ಲ ಕಕ್ಕಿದೆ.

"ಭಾಯ್, ನನಗ ಹೇಳಾಕತ್ತೀರಿ, ಸರಿ. ಆ ಹುಡುಗಿಗೆ ಹೇಳೀರೇನು?"

"ಹೆಂಗ ಹೇಳ್ಲಿ ಆಪಾ? ಏನ್ ಕೊಡ್ತೀನಂತ ಹೋಗ್ಲಿ?"

"ಯಾ ಅಲ್ಲಾ! ಒಮ್ಮ್ಯಾರ ಖಾಲಿ ಕೈಲೆ ಹೋಗ್ರಿ!"

ಮರುದಿನವೇ ಹೋದೆ. ಅಂಗಳ ಗುಡಿಸುತ್ತಿದ್ದ ಹುಡುಗಿಗೆ, ತಪ್ಪಾಯಿತು ಎಂದೆ. ಅವಳು ಕಸಬರಿಗೆ ಕೆಳಗಿಡಲಿಲ್ಲ.

"ಎರಡು ವರ್ಷ ಅಂತ ನೀವೂ ಅಪ್ಪನೂ ಮುಗಿಸಿದ್ರಿ. ನನಗೆಷ್ಟು ಬೇಕಂತ ಯಾರರ ಕೇಳಿದ್ರೇನು?"

"ಎಷ್ಟು ಬೇಕವಾ?"

"ಗೊತ್ತಿಲ್ರಿ. ಮೊದಲ ಪರೀಕ್ಷಾ ಬರೀತೀನಿ. ಆಮ್ಯಾಲ ಅಪ್ಪನ ಮುಂದ ನಾನ ಹೇಳ್ತೀನಿ. ನೀವು ಬಾಜೂಕ ಸುಮ್ನ ಕುಂದರ್ರಿ."

ಪರೀಕ್ಷೆ ಬರೆದಳು. ಅಪ್ಪನಿಗೆ ಏನು ಹೇಳಬೇಕೆಂದು ಇನ್ನೂ ಯೋಚಿಸುತ್ತಿದ್ದಾಳೆ. ನಾನು ಬೆರಳು ಒತ್ತದಿದ್ದರೆ ಮದುವೆ ಆಗಿಹೋಗುತ್ತಿತ್ತು. ಒತ್ತಿದ್ದಕ್ಕೆ ಶಾಲೆಯೇ ತಪ್ಪಿಹೋಗುವುದರಲ್ಲಿತ್ತು. ಯಾವುದು ಸರಿ? ತಿಳಿಯದು.

ಈ ಕೆಲಸಕ್ಕೆ ಬರುವವರಿಗೆ ಇಷ್ಟು ಹೇಳಬಲ್ಲೆ. ಊಟ ಸೇರದ ಮೊದಲ ದಿನವೇ ಇದೇ ಕೆಲಸ ಮಾಡುವ ಒಬ್ಬರ ಬಾಗಿಲು ತಟ್ಟಿ, ಹದಿನೆಂಟು ದಿನ ಕಾಯಬೇಡಿ. ಬೆನ್ನುನೋವು ಎಂದು ಬರೆಯಬೇಡಿ. ಮನಸ್ಸು ಸರಿಯಿಲ್ಲ ಎಂದೇ ಬರೆದು ಎರಡು ದಿನ ರಜೆ ಕೇಳಿ. ಕೊಡದಿದ್ದರೆ ಚೌಕಾಸಿ ಮಾಡಿ, ಅಲ್ಲಿ ಅದು ತಪ್ಪಲ್ಲ. ಮತ್ತೆ, ಯಾರದೇ ಮನೆಯಲ್ಲಿ ಮಾತು ಮುಗಿಸುವ ಮೊದಲು ಬಾಗಿಲ ಕಡೆ ಒಮ್ಮೆ ನೋಡಿ. ಅಲ್ಲಿ ನಿಂತವರನ್ನು ಒಳಗೆ ಕರೆದು ಕೂರಿಸಿಕೊಳ್ಳಿ.